ಶೇವಂತಾಬಾಯಿಯ ಕಡಲೆ ಹುಳಿ

ನಮ್ಮವ್ವ ಶೇವಂತಾಬಾಯಿ ನನ್ನ ಕೈಯಿಂದ ನೀರು ಕುಡಿಯುವುದಿಲ್ಲ. ಆರು ವರ್ಷವಾಯಿತು. ಭಾಲ್ಕಿ ತಾಲ್ಲೂಕಿನ ಸಾಯಗಾಂವದ ನಮ್ಮ ಮನೆಗೆ ಹೋದರೆ ಊಟಕ್ಕೆ ಬಡಿಸುತ್ತಾಳೆ, ಹಾಸಿಗೆ ಕೊಡುತ್ತಾಳೆ, ಬೆಳಿಗ್ಗೆ ಹೊಲದ ಕೆಲಸಕ್ಕೂ ಹಚ್ಚುತ್ತಾಳೆ. ಆದರೆ ನಾನು ತಂಬಿಗೆ ತುಂಬಿ ಮುಂದೆ ಹಿಡಿದರೆ ಅದನ್ನು ಇಸಿದುಕೊಂಡು ಅಂಗಳದ ಬೇವಿನ ಗಿಡಕ್ಕೆ ಸುರಿದು, ತಾನೇ ಎದ್ದು ಬೇರೆ ನೀರು ತುಂಬಿಕೊಳ್ಳುತ್ತಾಳೆ. ನಮ್ಮಜ್ಜನ ಕಾಲದಲ್ಲಿ ಊರ ಮಂದಿ ನಮ್ಮ ಕೈ ನೀರು ಮುಟ್ಟುತ್ತಿರಲಿಲ್ಲ. ಅದನ್ನು ಮೆಟ್ಟಿ ನಿಂತು ಬುದ್ಧನ ಹಾದಿ ಹಿಡಿದ ಮನೆತನ ನಮ್ಮದು. ಅಂಥ ಮನೆಯಲ್ಲಿ ಹೆತ್ತ ತಾಯಿಯೇ ಮಗನಿಗೆ ಹೀಗೆ ಮಾಡುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಗಾದೆ ಕಟ್ಟಿದವರು ನಮ್ಮವ್ವನನ್ನು ನೋಡಿರಲಿಲ್ಲ.

ಕಾರಣ ಇಷ್ಟೇ. ನಾನು ಆರು ವರ್ಷದಿಂದ ಬೀದರ ನಗರದ ಒಂದು ಹೋಟೆಲಿನ ಬಾರಿನಲ್ಲಿ ಕಾಕ್‌ಟೇಲ್ ಮಾಡುವವ. ಹೆಸರು ಕೈಲಾಶ. ಇಂದಿನವರೆಗೆ ಒಂದು ಹನಿ ಕುಡಿದವನಲ್ಲ. ಇದನ್ನು ಹೇಳಿದರೆ ಗಿರಾಕಿಗಳು ನಗುತ್ತಾರೆ, ಅವ್ವ ನಂಬುವುದಿಲ್ಲ. ನನ್ನದು ಮೂಗಿನ ಕೆಲಸ. ಮದ್ಯ ಸೇರಿಸುವ ಮುಂಚೆ ಹುಳಿ, ಸಿಹಿ, ಒಗರು ಎಲ್ಲವನ್ನೂ ನಾಲಿಗೆಗೆ ಹಚ್ಚಿ ನೋಡುತ್ತೇನೆ. ಸೇರಿಸಿದ ಮೇಲೆ ಎರಡು ಹನಿ ಅಂಗೈಗೆ ಹಾಕಿ ತಿಕ್ಕಿ, ಘಾಟು ಹಾರುವ ತನಕ ಕಾದು, ಉಳಿದದ್ದನ್ನು ಮೂಸುತ್ತೇನೆ. ಏನು ಹೆಚ್ಚಾಯಿತು, ಏನು ಕಮ್ಮಿಯಾಯಿತು ಅಂತ ಅಂಗೈ ಹೇಳುತ್ತದೆ. ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಗ್ಲಾಸು ತೊಳೆಯುವವನಾಗಿ ಸೇರಿದವನು ಹದಿನೆಂಟು ವರ್ಷದಲ್ಲಿ ಗ್ಲಾಸು ತುಂಬುವವನಾದದ್ದು ಈ ಮೂಗಿನಿಂದಲೇ.

ಈ ಮೂಗನ್ನು ತಯಾರು ಮಾಡಿದವಳು ಯಾರು ಅಂತ ಕೇಳಿ. ಅವ್ವನೇ.

ಅವ್ವನಿಗೆ ವಾಸನೆ ಹತ್ತುವುದಿಲ್ಲ. ಮದುವೆಗೆ ಮುಂಚೆ ಬಂದ ಯಾವುದೋ ಜ್ವರದಲ್ಲಿ ಹೋದದ್ದು ಮತ್ತೆ ಬರಲಿಲ್ಲ. ಅಪ್ಪ ಕಾಶೀರಾಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಲದಿಂದ ಬರುವಾಗ ಸಾರಾಯಿ ಅಂಗಡಿಗೆ ಹೊಕ್ಕು, ಮನೆಗೆ ಬಂದು ನೆಟ್ಟಗೆ ನಿಂತು, 'ಏನೂ ಕುಡದಿಲ್ಲ' ಅನ್ನುವನು. ಅದಕ್ಕೆ ಅವ್ವ ನನ್ನನ್ನು ಮುಂದೆ ಮಾಡಿದಳು. ಸಂಜೆ ಅಪ್ಪ ಹೊಸ್ತಿಲು ದಾಟುತ್ತಲೇ ನಾನು ಹೋಗಿ ಅವನ ಬಾಯಿಯ ಹತ್ತಿರ ಮೂಗು ಹಿಡಿಯಬೇಕು. ಅವ್ವ ಒಲೆಯ ಮುಂದಿನಿಂದಲೇ ಕೇಳುವಳು: "ನಿನ್ನ ಮೂಗು ಏನಂತದ?" ನಾನು ಶೇಂದಿ ಅನ್ನಬೇಕು, ಸಾರಾಯಿ ಅನ್ನಬೇಕು, ಇಲ್ಲವೇ ಏನೂ ಇಲ್ಲ ಅನ್ನಬೇಕು. ಕುಡಿದಿದ್ದರೆ ಅವ್ವ ಅವನನ್ನು ಒಳಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕುವಳು. ಅವನು ಬೈದು, ಬಾಗಿಲು ಒದ್ದು, ಕಡೆಗೆ ಮಲಗುವನು. ಬೆಳಿಗ್ಗೆ ಚಿಲಕ ತೆಗೆದ ಮೇಲೆ ಅವನ ಕೈಗೆ ಮೊದಲು ಸಿಗುತ್ತಿದ್ದವ ನಾನು. 'ಚಾಡಿಕೋರ' ಅಂತ ಬಾರುಕೋಲಿನಿಂದ ಬಾರಿಸುತ್ತಿದ್ದ. ಏಳು ವರ್ಷದ ಹುಡುಗನನ್ನು ಗಂಡ-ಹೆಂಡಿರ ನಡುವೆ ಹೀಗೆ ನಿಲ್ಲಿಸಿದವಳನ್ನು ಏನನ್ನಬೇಕು? ನಾನು ಮನಸ್ಸಿನಲ್ಲಿ ಏನೇನೋ ಅಂದಿದ್ದೇನೆ. ಬರೆಯುವಂಥದ್ದಲ್ಲ.

ನನಗೆ ಒಂಬತ್ತು ತುಂಬಿದ ವರ್ಷ, ಚಳಿಗಾಲದಲ್ಲಿ, ಅಪ್ಪ ಕಬ್ಬಿನ ಗಾಡಿ ಹೂಡಿಕೊಂಡು ಸಕ್ಕರೆ ಕಾರ್ಖಾನೆಗೆ ಹೋಗಬೇಕಾಗಿತ್ತು. ಸಂಜೆ ಹೊರಟರೆ ಬೆಳಗಾಗುವ ಹೊತ್ತಿಗೆ ಮುಟ್ಟುವ ಹಾದಿ. ಹಿಂದಿನ ದಿನ ಬಿದ್ದ ಏಟಿನಿಂದ ನನ್ನ ಎಡಗಿವಿ ಬಾತುಕೊಂಡಿತ್ತು. ಅಪ್ಪನ ಬಾಯಿ ಮೂಸಿದೆ. ಸಾರಾಯಿ ಗಮ್ಮೆನ್ನುತ್ತಿತ್ತು. ಅವ್ವ ಕೇಳಿದಳು. "ಏನೂ ಇಲ್ಲವ್ವಾ" ಅಂದೆ. ಅಪ್ಪ ನನ್ನ ತಲೆ ಸವರಿ ಗಾಡಿ ಹತ್ತಿದ. ಊರಾಚೆ ಹಳ್ಳದ ಸೇತುವೆಯಲ್ಲಿ ಗಾಡಿ ಉರುಳಿ, ಕಬ್ಬಿನ ಕೆಳಗೆ ಸಿಕ್ಕು ಸತ್ತ. ಅವತ್ತಿನಿಂದ ಅವ್ವ ನನ್ನನ್ನು ಏನನ್ನೂ ಮೂಸು ಅಂತ ಕೇಳಲಿಲ್ಲ. ನಾನೂ ಏನನ್ನೂ ಹೇಳಲಿಲ್ಲ. ಆ ಸುಳ್ಳನ್ನು ಮೂವತ್ತೆರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಹತ್ತನೆಯ ಇಯತ್ತೆ ಮುಗಿಯುತ್ತಲೇ ಹೈದರಾಬಾದಿಗೆ ಓಡಿಹೋದದ್ದೂ ಅದಕ್ಕೇ.

ಅವ್ವ ಏನು ಮಾಡಿದಳು? ಅಪ್ಪ ಸತ್ತು ತಿಂಗಳು ತುಂಬುವುದರೊಳಗೆ ಹತ್ತು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಸಾರಾಯಿ ಅಂಗಡಿಯ ಮಾಲನ್ನೆಲ್ಲ ರಸ್ತೆಗೆ ಸುರಿದಳು. ಅಂಗಡಿ ಮತ್ತೆ ತೆರೆಯಿತು. ಮತ್ತೆ ಸುರಿದಳು. ಮೂರನೆಯ ಸಲಕ್ಕೆ ಅಂಗಡಿಯವನೇ ಊರು ಬಿಟ್ಟ. ರಾತ್ರಿಶಾಲೆಗೆ ಹೋಗಿ ಅಕ್ಷರ ಕಲಿತಳು. ಈಗ ಹುಣ್ಣಿಮೆಗೊಮ್ಮೆ ಬಿಳಿ ಸೀರೆ ಉಟ್ಟು ಊರ ಬುದ್ಧ ವಿಹಾರದಲ್ಲಿ ಎಲ್ಲರ ಮುಂದೆ ಕೂತು ಪಂಚಶೀಲ ಹೇಳಿಸುವವಳು ಅವಳೇ. ಐದನೆಯ ಶೀಲ ಮದ್ಯ ಮುಟ್ಟಬಾರದೆಂಬುದು. ಅಲ್ಲಿಗೆ ಬಂದಾಗ ಅವಳ ಧ್ವನಿ ಏರುತ್ತದೆ, ಹಿಂದೆ ಕೂತ ಗಂಡಸರು ನೆಲ ನೋಡುತ್ತಾರೆ. ಇಡೀ ಊರು ಅವಳಿಗೆ ಹೆದರುತ್ತದೆ. ಅವಳಿಗೆ ಇರುವ ಆಸ್ತಿ ಎರಡು ಎಕರೆ ಹೊಲ ಮತ್ತು ಆ ಹೆಸರು.

ಆ ಹೆಸರನ್ನೇ ನಾನು ಬಾರಿನ ಕಾರ್ಡಿನಲ್ಲಿ ಹಾಕಿದೆ.

ಹೇಗೆ ಅಂತ ಹೇಳುತ್ತೇನೆ. ಈ ಸಲದ ಚಳಿಗಾಲಕ್ಕೆ ನಮ್ಮ ಮಾಲಕರು ಹೊಸದೇನಾದರೂ ಮಾಡು ಅಂದರು. ನಾನು ಪೇಟೆಯ ಬಾಟಲಿಗಳ ಸಿರಪ್ಪನ್ನೆಲ್ಲ ಬದಿಗಿಟ್ಟೆ. ಮದ್ಯ ಇಲ್ಲಿಯದೇ ಆಗಬೇಕು, ನಮ್ಮ ಜಿಲ್ಲೆಯ ಕಬ್ಬಿನ ಕಾಕಂಬಿಯಿಂದ ಇಳಿಸಿದ ರಮ್. ಉಳಿದದ್ದು ಕಾಡುಮೇಡಿನದು. ಔರಾದ ತಾಲ್ಲೂಕಿನ ಎಕಂಬಾದ ಕಡೆ ಬದುಗಳಲ್ಲಿ ಬೆಳೆದ ಬೋರೆ ಹಣ್ಣು ಆರಿಸಿ ತಂದು, ಜೋನಿ ಬೆಲ್ಲದಲ್ಲಿ ಮೂರು ದಿನ ನೆನೆಹಾಕಿದೆ. ಬೀದರದ ಕೆಂಪು ಕಲ್ಲಿನ ಇಳಿಜಾರಿನಲ್ಲಿ ತಂಗಡಿ ಹೂ ಕಿತ್ತು ನೆರಳಲ್ಲಿ ಒಣಗಿಸಿದೆ. ಸಿಹಿ ಬಂತು, ಒಗರು ಬಂತು. ಹುಳಿ ಬೇಕಾಗಿತ್ತು. ಚಳಿಗಾಲದ್ದೇ ಆದ ಹುಳಿ ನಮ್ಮ ಕಡೆ ಒಂದೇ, ಕಡಲೆ ಹುಳಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಡಲೆ ಗಿಡ ಚಳಿಯಲ್ಲಿ ಎಲೆಯ ಮೇಲೆ ಹುಳಿ ಬಿಡುತ್ತದೆ. ಇಬ್ಬನಿ ಬಿದ್ದ ನಸುಕಿನಲ್ಲಿ ತೆಳುವಾದ ಬಿಳಿ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಬೆಳೆಯ ಮೇಲೆ ಎಳೆಯುತ್ತಾ ಹೋಗಬೇಕು. ಬಟ್ಟೆ ತೊಯ್ಯುತ್ತದೆ. ಹಿಂಡಿದರೆ ಹುಳಿ. ಬಟ್ಟೆಗೆ ಸೋಪು ತಾಗಿರಬಾರದು, ಹಿಂಡಿದ್ದು ತಾಮ್ರ ಹಿತ್ತಾಳೆ ಮುಟ್ಟಬಾರದು, ಗಾಜಿನ ಶೀಸೆಗೇ ಹೋಗಬೇಕು. ಒಡೆದ ಹಿಮ್ಮಡಿಗೆ ಆ ಹುಳಿ ತಾಗಿದರೆ ಉರಿ ನೆತ್ತಿಗೇರುತ್ತದೆ. ಒಂದು ನಸುಕಿಗೆ ಅರ್ಧ ಶೀಸೆ ಆದರೆ ಹೆಚ್ಚು. ಹೊಟ್ಟೆನೋವಿಗೆ ಇದಕ್ಕಿಂತ ಮದ್ದಿಲ್ಲ ಅಂತ ಸುತ್ತ ಹಳ್ಳಿಯವರು ಅವ್ವನ ಹತ್ತಿರ ಬರುತ್ತಾರೆ. ಯಾಕೆಂದರೆ ಅವ್ವ ಹೊಲದ ಕಾಲುಭಾಗಕ್ಕೆ ಹುಳದ ಔಷಧ ಹೊಡೆಯುವುದೇ ಇಲ್ಲ. ಕಾಯಿಕೊರಕ ತಿಂದು ಹೋದರೆ ಹೋಗಲಿ ಅಂತ ಹುಳಿಗೆಂದೇ ಬಿಟ್ಟಿರುತ್ತಾಳೆ. ಎಳೆಯುವ ಬಟ್ಟೆ ಅಪ್ಪನ ಹಳೆಯ ಧೋತರ.

ನಾನು ಕೇಳಿದರೆ ಕೊಡುವವಳಲ್ಲ. ಅದಕ್ಕೆ ತಂಗಿ ಆಮ್ರಪಾಲಿಯನ್ನು ಹಿಡಿದೆ. ಅವಳು ಭಾಲ್ಕಿಯಲ್ಲಿ ಸಾಲಿ ಮಾಸ್ತರಿಣಿ, ಊರಿಂದಲೇ ಓಡಾಡುತ್ತಾಳೆ, ನಸುಕಿನಲ್ಲಿ ಧೋತರದ ಇನ್ನೊಂದು ತುದಿ ಹಿಡಿಯುವವಳೂ ಅವಳೇ. ಸಾಲಿಯಲ್ಲಿ ಮಾಸ್ತರರಿಗೆ ಹೊಟ್ಟೆನೋವು ಅಂತ ಹೇಳಿ ಮೊದಲ ವಾರ ಒಂದು ಶೀಸೆ ತಂದಳು, ಎರಡನೆಯ ವಾರ ಎರಡು. ನಾಲ್ಕನೆಯದಕ್ಕೆ ಅವ್ವ ಅಂದಳಂತೆ: "ಸಾಲಿ ಅದನೋ ದವಾಖಾನಿ ಅದನೋ? ಎಲ್ಲಾ ಮಾಸ್ತರಗೂ ಒಮ್ಮೆಲೆ ಹೊಟ್ಟಿ ನೋವು ಹ್ಯಾಂಗ ಬಂತು?" ಆದರೂ ಕೊಟ್ಟಳು. ಹೊಟ್ಟೆನೋವು ಅಂದವರಿಗೆ ಇಲ್ಲ ಅನ್ನಲು ಅವಳಿಗೆ ಬರುವುದಿಲ್ಲ.

ಪೇಯ ಅದ್ಭುತವಾಯಿತು. ನಾನೇ ಹೇಳಿಕೊಳ್ಳಬಾರದು, ಆದರೂ ಸುಳ್ಳು ವಿನಯ ನನಗಾಗುವುದಿಲ್ಲ. ಮಾಲಕರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಕಾರ್ಡಿಗೆ ಹೆಸರು ಕೇಳಿದರು. ನಾನು 'ಶೇವಂತಾ' ಅಂದೆ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಸಾಯಗಾಂವದ ಶೇವಂತಾಬಾಯಿಯವರ ಹೊಲದ ಕಡಲೆ ಹುಳಿಯೊಂದಿಗೆ' ಅಂತಲೂ ಬರೆಸಿದೆ. ಮರ್ಯಾದೆಗೆ ಬರೆಸಿದೆನೋ, ಅವಳನ್ನು ಚುಚ್ಚಲು ಬರೆಸಿದೆನೋ ಅಂತ ಆಮ್ರಪಾಲಿ ಆಮೇಲೆ ಕೇಳಿದಳು. ಎರಡಕ್ಕೂ ಅಂದೆ. ಅದು ನಿಜ.

ಡಿಸೆಂಬರ್ ಹುಣ್ಣಿಮೆಯ ದಿನ ಅವ್ವ ವಿಹಾರಕ್ಕೆ ಹೋಗಿ ತನ್ನ ಜಾಗದಲ್ಲಿ ಕೂತಳಂತೆ. ಆಗ ಒಬ್ಬ ಹೆಂಗಸು ಮೊಬೈಲು ಮುಂದೆ ಹಿಡಿದಳು. ಬೀದರಿನಲ್ಲಿ ಓದುವ ಯಾರೋ ಹುಡುಗರು ಕಳಿಸಿದ ಕಾರ್ಡಿನ ಫೋಟೊ. ಅವ್ವ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಓದಿದಳು. "ಬಾಯಿ, ಮೊದಲ ಬಾರಿನಾಗಿಂದ ನಿಮ್ಮ ಹೆಸರ ತಗಸ್ರಿ, ಆಮ್ಯಾಲ ನಮಗ ಶೀಲ ಹೇಳ್ರಿ" ಅಂತ ಹಿಂದೆ ಕೂತ ಗಂಡಸರು ಅಂದರಂತೆ. ಇವಳ ಬಾಯಿಗೆ ಹೆದರಿ ಮೂವತ್ತು ವರ್ಷ ಸುಮ್ಮನಿದ್ದವರಿಗೆ ಒಳ್ಳೆಯ ಹಬ್ಬವಾಯಿತು. ಅವ್ವ ಎದ್ದು ಮನೆಗೆ ಬಂದಳು. ಆಮ್ರಪಾಲಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಧೋತರ ಮಡಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

ಆಮ್ರಪಾಲಿ ಫೋನಿನಲ್ಲಿ ಅತ್ತಳು. "ಅಣ್ಣಾ, ಹೆಸರ ತಗದಬಿಡು. ಮುಂದಿನ ಹುಣ್ಣಿಮಿಗಿ ಬ್ಯಾರೆಯವರು ಶೀಲ ಹೇಳಸ್ತಾರಂತ. ಅವ್ವಗ ಅದೊಂದು ಬಿಟ್ಟರ ಏನದ?"

"ನನಗ ಏನದ?" ಅಂದೆ. "ಆರು ವರ್ಷ ನನ್ನ ನೀರ ಬೇವಿನ ಗಿಡಕ್ಕ ಹಾಕ್ಯಾಳ. ತಗಿಯಂಗಿಲ್ಲ ಅಂತ ಹೇಳು."

ಫೋನನ್ನು ಬಾರಿನ ಕಟ್ಟೆಯ ಮೇಲೆ ಕುಕ್ಕಿದೆ. ಸಿಟ್ಟಿನಿಂದಲೇ.

ಆ ವಾರದ ಶನಿವಾರಕ್ಕೆ ಹೈದರಾಬಾದಿನಿಂದ ನಲವತ್ತು ಮಂದಿಯ ತಂಡ ಬರುವುದಿತ್ತು. ಅವರು ಕೇಳಿದ್ದೇ 'ಶೇವಂತಾ'. ಹುಳಿ ಮುಗಿದಿತ್ತು. ಶುಕ್ರವಾರ ಕಮಠಾಣದ ಕಡೆಯ ಒಬ್ಬನನ್ನು ಹಿಡಿದು ಐದು ಶೀಸೆ ತರಿಸಿದೆ. "ಔಷಧ ಹೊಡದದ ಏನ್ರೀ?" ಅಂತ ಕೇಳಿದ್ದೆ. "ಇಲ್ರಿ, ಖಾಲಿ ಇಬ್ಬನಿ ಅದರಿ" ಅಂದ. ಬಿರಡೆ ತೆಗೆದು ಮೂಸಿದೆ. ಹುಳಿಯ ಹಿಂದೆ ಸಣ್ಣದಾಗಿ ಇನ್ನೇನೋ ಇತ್ತು. ಬೋರೆ ಹಣ್ಣು ಮುಟ್ಟಿದ ಕೈಯಲ್ಲೇ ಹಿಡಿದು ಮೂಸಿದ್ದೆ, ಅದರ ವಾಸನೆಯೇ ಇರಬೇಕು ಅಂದುಕೊಂಡೆ. ಕೈ ತೊಳೆದು ಇನ್ನೊಮ್ಮೆ ಮೂಸಬಹುದಿತ್ತು. ಮೂಸಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾರಿನ ಬಾಗಿಲಲ್ಲಿ ಬಿಳಿ ಸೀರೆ ಕಂಡಿತು. ಭಾಲ್ಕಿ ಬಸ್ಸಿಳಿದು ನಡೆದೇ ಬಂದಿದ್ದಳು. ಊಟಕ್ಕೆ ಕೂತಿದ್ದ ಏಳೆಂಟು ಗಿರಾಕಿಗಳು ಗ್ಲಾಸು ಕೆಳಗಿಟ್ಟರು. ಮಾಲಕರು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು, "ಕೂಡ್ರಿ ಅಮ್ಮಾ, ಯಾರ ಬೇಕಾಗಿತ್ತರಿ?" ಅಂದರು. ಅವ್ವ ಅವರತ್ತ ನೋಡಲೇ ಇಲ್ಲ. ನೇರ ನನ್ನ ಮುಂದೆ ಬಂದು ಕಟ್ಟೆಯ ಮೇಲೆ ಕೈಚೀಲ ಇಟ್ಟಳು.

"ನನ್ನ ಹೆಸರಿಂದು ಎಲ್ಲಿ ಅದ? ತೋರಸು."

ನಾನು ಕಾರ್ಡು ಕೊಡಲಿಲ್ಲ. "ಊರಿಗಿ ಹೋಗವ್ವ. ಇಲ್ಲಿ ತಮಾಷಾ ಮಾಡಬ್ಯಾಡ" ಅಂದೆ.

"ತಮಾಷಾ ನೀ ಮಾಡಿದಿ. ನಾ ನೋಡಲಾಕ ಬಂದೇನಿ."

ಆಗ ಅವಳ ಕಣ್ಣು ಸಾಲಾಗಿ ಇಟ್ಟಿದ್ದ ಶೀಸೆಗಳ ಮೇಲೆ ಬಿತ್ತು. ಕಡಲೆ ಹುಳಿಯ ಬಣ್ಣ ಅವಳಿಗೆ ಹತ್ತು ಮಾರು ದೂರದಿಂದ ಗೊತ್ತಾಗುತ್ತದೆ. ತನ್ನದಲ್ಲ ಅಂತಲೂ ಗೊತ್ತಾಯಿತು. "ಇದು ಯಾರ ಹೊಲದ್ದು?" ಅಂದಳು. ಕಮಠಾಣದ್ದು ಅಂದೆ.

"ಈ ವರ್ಷ ಮೋಡ ಮುಸುಕಿ ಊರೂರಿಗಿ ಹುಳಾ ಬಿದ್ದದ. ಔಷಧ ಹೊಡಿಲಾರದ ಹೊಲ ಎಲ್ಲಿ ಸಿಕ್ತು ನಿನಗ?"

"ಹೊಡದಿಲ್ಲ ಅಂದಾನ."

ಅವ್ವ ಒಂದು ಶೀಸೆ ಎತ್ತಿ, ಬಿರಡೆ ಕಿತ್ತು, ಕಟ್ಟೆಯ ಮೇಲಿಂದ ಬಾಗಿ ನನ್ನ ಮೂಗಿನ ಕೆಳಗೆ ಹಿಡಿದಳು.

"ಅವ ಅಂದದ್ದು ಬ್ಯಾಡ. ನಿನ್ನ ಮೂಗು ಏನಂತದ?"

ಮೂವತ್ತೆರಡು ವರ್ಷದ ಮೇಲೆ ಆ ಮಾತು ಕೇಳಿದೆ. ಅದೇ ಧ್ವನಿ. ನನ್ನ ಎಡಗಿವಿ ಬಿಸಿಯಾಯಿತು. ಮಾಲಕರು ನೋಡುತ್ತಿದ್ದರು, ಗಿರಾಕಿಗಳು ನೋಡುತ್ತಿದ್ದರು. 'ಏನೂ ಇಲ್ಲ' ಅಂದುಬಿಟ್ಟರೆ ಮುಗಿಯಿತು. ಅವ್ವನಿಗೆ ವಾಸನೆ ಹತ್ತುವುದಿಲ್ಲ. ಉಳಿದವರಿಗೆ ಅಷ್ಟು ಮೂಗಿಲ್ಲ. ಸಂಜೆ ನಲವತ್ತು ಗ್ಲಾಸು ಹೋಗುತ್ತವೆ, ಯಾರೂ ಸಾಯಲಿಕ್ಕಿಲ್ಲ. ಅಪ್ಪನ ಗಾಡಿಯೂ ಉರುಳಲಿಕ್ಕಿಲ್ಲ ಅಂತಲೇ ಅಂದುಕೊಂಡಿದ್ದೆ.

"ಔಷಧ ಅದ" ಅಂದೆ.

"ಜೋರಲೆ ಹೇಳು."

"ಔಷಧ ಹೊಡದ ಹುಳಿ ಅದ ಅವ್ವ. ನಿನ್ನೇನೇ ಗೊತ್ತಾಗಿತ್ತು."

ಅವ್ವ ಐದೂ ಶೀಸೆಗಳನ್ನು ಒಂದೊಂದಾಗಿ ನನ್ನ ಮುಂದೆ ದೂಡಿದಳು. ನಾನು ಒಂದೊಂದಾಗಿ ಮೋರಿಗೆ ಸುರಿದೆ. ಮಾಲಕರು ತಲೆಗೆ ಕೈ ಹಚ್ಚಿಕೊಂಡರು. "ಅರೇ ಕೈಲಾಶ, ಸಂಜಿಗಿ ಮೆಹಮಾನ್ ಬರ್ತಾರಲ್ಲೋ! ಏನ್ ಕೊಡ್ತಿ ಅವರಿಗಿ?" ಅಂತ ಒದರಿ, ತಾವೇ ಒಳಗೆ ಹೋಗಿ ನಾಲ್ಕು ನಿಂಬೆಹಣ್ಣು ತಂದರು. ನಾನು ಬೋರೆಯ ಬೆಲ್ಲಕ್ಕೆ ನಿಂಬೆ ಹಿಂಡಿ ರಮ್ ಹಾಕಿ ಕೊಟ್ಟೆ. ಕುಡಿದು ಬಾಯಿ ಚಪ್ಪರಿಸಿದರು. "ಇದೇ ಛಲೋ ಅದಲ್ಲೋ! ಯಾರಿಗಿ ಗೊತ್ತಾಗ್ತದ?"

ಒಂದು ತಿಂಗಳು ನಸುಕಿನಲ್ಲಿ ಎರಡು ಜೀವ ಧೋತರ ಎಳೆದದ್ದು, ತಂಗಿ ಹೇಳಿದ ಸುಳ್ಳು, ನನ್ನ ಅಂಗೈ, ನನ್ನ ಜಂಬ ಎಲ್ಲವೂ ನಾಲ್ಕು ನಿಂಬೆಹಣ್ಣಿಗೆ ಸಮವಾಯಿತು. ಅವ್ವ ನನ್ನನ್ನೇ ನೋಡುತ್ತಿದ್ದಳು.

"ನಿಂಬಿಹಣ್ಣಲೆ ಆಗ್ತಿತ್ತು ಅಂದ್ರ, ನನ್ನ ಹುಳಿ ಯಾಕ ಬೇಕಾಗಿತ್ತು ನಿನಗ?"

ಉತ್ತರ ನನಗೆ ಗೊತ್ತಿತ್ತು. ಅವಳ ಕೈಯಿಂದ ನನಗೆ ಬರಬಹುದಾದದ್ದು ಅದೊಂದೇ ಆಗಿತ್ತು, ಅದೂ ಕಳ್ಳತನದಲ್ಲಿ. ಕಾರ್ಡುಗಳ ಕಟ್ಟು ತಂದು ಅವಳ ಮುಂದಿಟ್ಟು, ಕಪ್ಪು ಪೆನ್ನಿನಿಂದ ಒಂದೊಂದರಲ್ಲೂ ಅವಳ ಹೆಸರು ಹೊಡೆದುಹಾಕಿದೆ. ಅವಳು ಬೆರಳಿಟ್ಟು ಓದಿ ಓದಿ ನೋಡಿದಳು. ಒಂದರಲ್ಲಿ ಸಾಯಗಾಂವದ ಹೆಸರು ಉಳಿದಿತ್ತು. "ಊರಿಂದೂ ಹೊಡಿ" ಅಂದಳು. ಹೊಡೆದೆ.

"ಕುಡಿಯಂಗಿಲ್ಲಂತ ಹೇಳತಿದ್ದಿ" ಅಂದಳು ಎದ್ದು ನಿಂತು. "ಖರೇನ ಇರಬೇಕು. ಕುಡದಿದ್ರ ಆ ಮೂಗು ಇಷ್ಟೊತ್ತಿಗಿ ಸತ್ತಿರ್ತಿತ್ತು. ಆದ್ರ ಕುಡಸೋ ಕೈ ನನಗ ಬ್ಯಾಡ."

ಬಸ್ ನಿಲ್ದಾಣದ ತನಕ ಅವಳ ಹಿಂದೆ ಹೋದೆ. ಒಂದು ಸಲವೂ ತಿರುಗಿ ನೋಡಲಿಲ್ಲ. ಬಿಸಿಲಿತ್ತು. ದಾರಿಯಲ್ಲಿ ಒಂದು ಬಾಟಲಿ ನೀರು ಕೊಂಡೆ, ಕೊಡುವ ಧೈರ್ಯ ಬರಲಿಲ್ಲ, ಕೈಯಲ್ಲೇ ಹಿಡಿದಿದ್ದೆ. ಭಾಲ್ಕಿ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ನಾನು ಕೆಳಗೆ ನಿಂತೆ. ಚಾಲಕ ಇನ್ನೂ ಚಹಾ ಕುಡಿಯುತ್ತಿದ್ದ. ಎಂದೂ ಹೇಳದ ಮಾತು ಬಾಯಿಗೆ ಬಂತು.

"ಅವ್ವ, ಅವತ್ತ ಅಪ್ಪ ಗಾಡಿ ಹೊಡಕೊಂಡು ಹೋದಾಗ... ನಾ ಸುಳ್ಳ ಹೇಳಿದ್ದೆ. ಕುಡದಿದ್ದ."

ಅವ್ವ ಮುಂದಿನ ಸೀಟಿನ ಕಂಬಿ ನೋಡುತ್ತಾ ಕೂತಿದ್ದಳು.

"ಗೊತ್ತದ" ಅಂದಳು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ವಾಸನಿ ಹತ್ತಂಗಿಲ್ಲ ನನಗ, ಕಣ್ಣ ಅವ. ಅವನ ಕಾಲ ತೂರಾಡೋದು ನನಗ ಕಾಣಲಿಲ್ಲೇನು?" ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಚಿಲಕ ಹಾಕಿ ಹಾಕಿ ಸಾಕಾಗಿತ್ತು. ಒಂದ ದಿನ ಮನಿ ಸುಮ್ಮ ಇರಲಿ ಅನಿಸ್ತು. ನೀ ಇಲ್ಲ ಅಂದಿ, ನಾ ಹೂಂ ಅಂದೆ."

ಮೂವತ್ತೆರಡು ವರ್ಷ ನಾನೊಬ್ಬನೇ ಕೊಂದೆ ಅಂದುಕೊಂಡಿದ್ದೆ. ಅವಳೂ ಹಾಗೇ ಅಂದುಕೊಂಡು ಸಾರಾಯಿ ಸುರಿದಳು, ಅಕ್ಷರ ಕಲಿತಳು, ಶೀಲ ಹೇಳಿಸಿದಳು. ಒಂದೇ ಮನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ಕಂಡರೆ ಉರಿದುಬಿದ್ದೆವು. ಆಗಲೂ ನನಗೆ ಅವಳ ಮೇಲೆ ಕರುಣೆ ಬರಲಿಲ್ಲ, ಸಿಟ್ಟೇ ಬಂತು. ಆ ಮಾತನ್ನು ಇಪ್ಪತ್ತು ವರ್ಷ ಮುಂಚೆ ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ನನ್ನದಾದರೂ ಏನು ಹೋಗುತ್ತಿತ್ತು?

ಚಾಲಕ ಬಂದು ಹತ್ತಿದ. ಎಂಜಿನು ಗುರುಗುಟ್ಟಿತು. ಅವ್ವ ಕಿಟಕಿಯಿಂದ ಕೈ ಹೊರಗೆ ಚಾಚಿದಳು.

"ಆ ನೀರ ಏನ್ ಹಿಡಕೊಂಡ ನಿಂತಿ? ಕೊಡ ಇಲ್ಲಿ."

ಕೊಟ್ಟೆ. ಬಸ್ಸು ತಿರುವು ಹೊರಳಿತು. ಕುಡಿದಳೋ, ಹಾದಿಬದಿಯ ಯಾವುದಾದರೂ ಗಿಡಕ್ಕೆ ಸುರಿದಳೋ ನನಗೆ ಕಾಣಲಿಲ್ಲ. ಆಮ್ರಪಾಲಿಗೆ ಫೋನು ಮಾಡಿ ಕೇಳಬಹುದು. ಇನ್ನೂ ಕೇಳಿಲ್ಲ.